ಅಂಗಿಯ ಮೇಲಿನ ಸೂಕ್ತ

ಇಂದಿನ ಘಾನಾ ದೇಶದ ಕುಮಾಸಿ ನಗರವು ಹಿಂದೆ ಅಸಾಂಟೆ ಸಾಮ್ರಾಜ್ಯದ ರಾಜಧಾನಿಯಾಗಿತ್ತು. 1817ರಲ್ಲಿ ಬ್ರಿಟಿಷ್ ನಿಯೋಗದೊಂದಿಗೆ ಥಾಮಸ್ ಬೌಡಿಚ್ ಅಲ್ಲಿಗೆ ಹೋದಾಗ, ಉತ್ತರದಿಂದ ಬಂದ ಮುಸ್ಲಿಮರಿಗೆ ಅರಸ ಒಸೇಯಿ ಬೊನ್ಸುವಿನ ಆಸ್ಥಾನದಲ್ಲಿ ಮನ್ನಣೆಯಿತ್ತು. ಮುಸ್ಲಿಮ್ ಲಿಪಿಕಾರರು ಹತ್ತಿಯ ಅಂಗಿಗಳ ಮೇಲೆ ಮಸಿಯಿಂದ ಚೌಕಗಳನ್ನೆಳೆದು, ಅವುಗಳಲ್ಲಿ ಅಂಕಿಗಳನ್ನೂ ಪವಿತ್ರ ಕುರ್‌ಆನಿನ ಸೂಕ್ತಗಳನ್ನೂ ತುಂಬುತ್ತಿದ್ದರು. ಇಸ್ಲಾಮ್ ಸ್ವೀಕರಿಸದ ಅಸಾಂಟೆ ಯೋಧರೂ ಇವನ್ನು ರಕ್ಷೆಯೆಂದು ನಂಬಿ ಯುದ್ಧಕ್ಕೆ ತೊಡುತ್ತಿದ್ದರು. ಆದರೂ 1874ರಲ್ಲಿ ಬ್ರಿಟಿಷ್ ಸೇನೆ ಕುಮಾಸಿಯನ್ನು ಸುಟ್ಟುಹಾಕಿತು.

ಆ ಕೈಗಳ ಕುಶಲತೆ ಮೆಚ್ಚತಕ್ಕದ್ದೇ. ಆದರೆ ಕುರ್‌ಆನ್ ಅವತೀರ್ಣವಾದುದು ಓದಿ, ಅರಿತು, ಅದರಂತೆ ಬಾಳಲೆಂದು, ಕಾಯುವವನು ಅಲ್ಲಾಹನೊಬ್ಬನೇ. ಮಗುವಿನ ಕೊರಳಿಗೆ ತಾಯಿತ ಕಟ್ಟುವ ನಾವು, ಅದರೊಳಗಿನ ಸೂಕ್ತದ ಅರ್ಥವನ್ನು ಎಂದಾದರೂ ಆ ಮಗುವಿಗೆ ಹೇಳಿಕೊಟ್ಟಿದ್ದೇವೆಯೇ?