ಹೇರಿದ ಏಕಾಂತವೂ ಸ್ಥಿತಿಕರಣ ಧರ್ಮವೂ

2020ರ ಮಾರ್ಚ್ 25ರಂದು ಕೋವಿಡ್ ಮಹಾಮಾರಿಯ ನಿಮಿತ್ತ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಕರ್ನಾಟಕದ ಶಾಲೆಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ನಡುವೆ ಕೆಲಕಾಲ ತೆರೆದರೂ, ಎರಡನೆಯ ಅಲೆಯ ತರುವಾಯ ಪ್ರೌಢಶಾಲೆ, ಪದವಿಪೂರ್ವ ತರಗತಿಗಳು ಪುನಃ ಆರಂಭವಾದದ್ದು 2021ರ ಆಗಸ್ಟ್ 23ರಂದು. ಹದಿಹರೆಯದವರು ಗೆಳೆತನ, ಆಟ, ದಿನಚರಿಗಳನ್ನು ಕಳೆದುಕೊಂಡರು. ಕೆಲವರು ಹೆತ್ತವರನ್ನೇ ಕಳೆದುಕೊಂಡರು.

ಮುನಿಗಳ ಏಕಾಂತವು ಸ್ವೇಚ್ಛೆಯಿಂದ ಕೈಗೊಂಡ ವ್ರತ. ಈ ಮಕ್ಕಳದು ಹೇರಲ್ಪಟ್ಟ ಏಕಾಂತ, ಅದನ್ನು ತಪಸ್ಸೆನ್ನಲಾಗದು. ಇಷ್ಟವಿಯೋಗದಿಂದ ಆರ್ತಧ್ಯಾನ ಉಂಟಾಗುವುದೆಂದು ತತ್ತ್ವಾರ್ಥಸೂತ್ರವು ಗುರುತಿಸಿದೆ.

ಯುನಿಸೆಫ್ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮಾನಸಿಕ ತೊಂದರೆಗೆ ಅನ್ಯರ ನೆರವು ಪಡೆಯುವುದು ಒಳಿತೆಂದವರು ಭಾರತದ 15ರಿಂದ 24 ವಯಸ್ಸಿನವರಲ್ಲಿ ಶೇ. 41 ಮಾತ್ರ, 21 ದೇಶಗಳ ಸರಾಸರಿ ಶೇ. 83. ಈ ಮೌನಕ್ಕೆ ಲೋಕಾಪವಾದದ ಭಯವೂ ಒಂದು ಕಾರಣ.

ಉಪಗೂಹನವೆಂದರೆ ಪರರ ದೋಷವನ್ನು ಬಯಲಿಗೆಳೆಯದಿರುವುದು. ಮಗುವಿನ ವ್ಯಾಧಿಯನ್ನು ಮರೆಮಾಚುವುದಲ್ಲ. ವ್ಯಾಧಿಯು ದೋಷವೇ ಅಲ್ಲ. ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಉಪಗೂಹನದ ನಂತರದ್ದೇ ಸ್ಥಿತಿಕರಣ: ಧರ್ಮದಿಂದ ಜಾರುವವನನ್ನು ಕೈಹಿಡಿದು ನಿಲ್ಲಿಸುವುದು. ಮನಸ್ಸು ಕುಸಿದ ಮಗುವಿಗೂ ಅದೇ ಕೈ ಬೇಕು. ಮೊದಲು ಅದರ ಮಾತನ್ನು ಆಲಿಸಬೇಕು, ಬಳಿಕ ವೈದ್ಯರ ಬಳಿ ಕರೆದೊಯ್ಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬಸದಿಯ ಸೂಚನಾ ಫಲಕದಲ್ಲಿ ಪೂಜಾ ಸಮಯದೊಡನೆ ಈ ಸಂಖ್ಯೆಯನ್ನೂ ಬರೆಸುವುದು ಟ್ರಸ್ಟುಗಳಿಗೆ ಉಚಿತವಾದ ಕಾರ್ಯ.