ಒಂದೇ ವಚನದ ಶರಣೆ

ಗೋಕಾಕ, ಹುಕ್ಕೇರಿ, ಮೂಡಲಗಿಗಳಲ್ಲಿ ಅಧ್ಯಾಪಕನಾಗಿದ್ದಾಗ ಶಾಲಾ ಗ್ರಂಥಾಲಯದ ಕೀಲಿಕೈ ಬಹುಕಾಲ ನನ್ನಲ್ಲಿಯೇ ಇತ್ತು. ಮೂಡಲಗಿಯಲ್ಲೊಮ್ಮೆ ವಿದ್ಯಾರ್ಥಿನಿಯೊಬ್ಬಳು ಶಿವಶರಣೆಯರ ವಚನಸಂಪುಟವನ್ನು ತೆರೆದು, "ಸರ್, ಸೂಳೆ ಸಂಕವ್ವೆ ಅಂದ್ರ ಯಾರ್ರಿ?" ಎಂದಳು. ನಾನು ಸಂಕೋಚದಿಂದ ಹಾಳೆ ತಿರುವಿ, ಅಕ್ಕಮಹಾದೇವಿಯನ್ನು ಓದಲು ಹೇಳಿದೆ.

ಆ ಪ್ರಶ್ನೆಗೆ ಇಂದು ಉತ್ತರಿಸುತ್ತೇನೆ. ಸಂಕವ್ವೆ 12ನೆಯ ಶತಮಾನದವಳು. ವೇಶ್ಯಾವೃತ್ತಿಯಿಂದ ಶರಣಮಾರ್ಗಕ್ಕೆ ಬಂದವಳು. ಅಂಕಿತ 'ನಿರ್ಲಜ್ಜೇಶ್ವರ'. ದೊರೆತಿರುವುದು ಒಂದೇ ವಚನ. ಅದರಲ್ಲಿ ತನ್ನ ಹಿಂದಿನ ವೃತ್ತಿಯ ಕಟ್ಟುಪಾಡನ್ನೇ ವ್ರತನಿಷ್ಠೆಗೆ ಹೋಲಿಕೆಯಾಗಿಸಿದ್ದಾಳೆ, ಮುಚ್ಚಿಟ್ಟದ್ದೇನೂ ಇಲ್ಲ.

ಇಂಥ ವಚನಗಳು ಮನೆ-ಮಠಗಳ ತಾಡೋಲೆಗಳಲ್ಲಿ ಉಳಿದಿದ್ದವು. ಫ. ಗು. ಹಳಕಟ್ಟಿಯವರು ಅವನ್ನು ಅರಸಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಅದು ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲಿ. 1993ರಲ್ಲಿ ಸರ್ಕಾರ ಸಮಗ್ರ ವಚನಗಳ 15 ಸಂಪುಟಗಳನ್ನು ಪ್ರಕಟಿಸಿತು. ಐದನೆಯದು ಶರಣೆಯರದು. ಕಸ ಗುಡಿಸುವ ಕಾಯಕದ ಸತ್ಯಕ್ಕ, ನೂಲುವ ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಮೂವತ್ತಕ್ಕೂ ಹೆಚ್ಚು ಮಂದಿಯ ನಡುವೆ ಸಂಕವ್ವೆಯೂ ಇದ್ದಾಳೆ.

ಓಲೆ ನಕಲು ಮಾಡಿದವರು ಅವಳ ಹೆಸರನ್ನು ಅಳಿಸಲಿಲ್ಲ. ಎಂಟು ಶತಮಾನ ದಾಟಿ ಬಂದ ಆ ಹೆಸರನ್ನು ಮರೆಮಾಡಿದವನು ಕೀಲಿಕೈ ಹಿಡಿದಿದ್ದ ನಾನು.

ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ತಾಯಿ, ಕ್ಷಮಿಸು. ನಿನ್ನ ಮಕ್ಕಳು ಕೇಳಿದರೆ ಹಾಳೆ ತಿರುವಬೇಡ.