ವಿದ್ಯಾರ್ಥಿನಿಲಯದ ಹಾಡುಗಳು

ಹೋದ ತಿಂಗಳು ಒಂದು ದಿನ ತರಗತಿಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಯೊಂದನ್ನು ಪಾಠ ಹೇಳಬೇಕಾಗಿತ್ತು. ಪುಸ್ತಕ ತೆರೆದು ಮೊದಲ ಸಾಲನ್ನು ಓದುತ್ತಿದ್ದಂತೆಯೇ ಹಿಂದಿನ ಬೆಂಚಿನಿಂದ ಯಾರೋ ಅದನ್ನು ಮೆಲ್ಲಗೆ ಗುನುಗತೊಡಗಿದರು. ತಲೆಯೆತ್ತಿ ನೋಡಿದೆ, ದನಿ ನಿಂತಿತು. ಆದರೆ ಅಷ್ಟು ಹೊತ್ತಿಗೆ ನನ್ನ ಓದೂ ಕೆಟ್ಟುಹೋಗಿತ್ತು. ಎರಡನೆಯ ಸಾಲು ನನ್ನ ಬಾಯಿಂದ ಓದಾಗಿ ಬರಲಿಲ್ಲ, ಹಾಡಾಗಿ ಬಂತು. ಹುಡುಗರು ನಕ್ಕರು, ನಾನೂ ನಕ್ಕೆ. ಆ ನಗುವಿನ ನಡುವೆ ನಾನು ಮಾತ್ರ ತರಗತಿಯಲ್ಲಿರಲಿಲ್ಲ. ಮೈಸೂರಿನ ಒಂದು ವಿದ್ಯಾರ್ಥಿನಿಲಯದ ಮಹಡಿಯ ಕೋಣೆಯಲ್ಲಿ, ಸುಣ್ಣ ಉದುರುತ್ತಿದ್ದ ಗೋಡೆಗೆ ಒರಗಿ ಕುಳಿತಿದ್ದೆ.

ನಾನು ಎಂ. ಎ. ಓದಲು ಮೈಸೂರಿಗೆ ಬಂದದ್ದು 2000ದಲ್ಲಿ. ಕೋಣೆಯಲ್ಲಿ ನಾವು ಮೂವರು. ಮೂವರಿಗೂ ಸೇರಿ ಒಂದು ಹಳೆಯ ಟೇಪ್‌ರೆಕಾರ್ಡರು, ಹತ್ತು ಹನ್ನೆರಡು ಕ್ಯಾಸೆಟ್ಟುಗಳು. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ ಸರಿಪಡಿಸುವ ವಿದ್ಯೆಯಲ್ಲಿ ನಮಗೆ ಯಾವ ಪದವಿಯೂ ಬೇಕಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಓದು ನಿಲ್ಲಿಸಿ ಒಂದೊಂದು ಹಾಡು ಕೇಳುವುದು ನಮ್ಮ ವ್ರತವಾಗಿತ್ತು. ಇಂದಿಗೂ ಆ ಹಾಡುಗಳಲ್ಲಿ ಯಾವುದೊಂದು ಕಿವಿಗೆ ಬಿದ್ದರೂ ಮೆಸ್ಸಿನ ಸಾರಿನ ವಾಸನೆ, ಕಾರಿಡಾರಿನ ಮಂಕು ದೀಪ, ಕಟ್ಟದೆ ಉಳಿದ ಶುಲ್ಕದ ಚಿಂತೆ ಎಲ್ಲವೂ ಒಟ್ಟಿಗೆ ಬರುತ್ತವೆ. ಕವಿತೆ ಕಣ್ಣಿನಿಂದ ಬಂದಿದ್ದರೆ ಇಷ್ಟನ್ನೆಲ್ಲ ಹೊತ್ತು ತರುತ್ತಿತ್ತೆ? ಕವಿಗಳು ಬರೆದದ್ದು ನಮ್ಮ ಕಿವಿಗೆ ಬಂದ ದಾರಿ ಯಾವುದು? ಅಂದು ಕೇಳಿಕೊಳ್ಳದ ಪ್ರಶ್ನೆಯನ್ನು ಈ ವಯಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದೇನೆ.

ಕನ್ನಡಕ್ಕೆ ಹಾಡುವ ಕಾವ್ಯ ಹೊಸದೇನಲ್ಲ. ದಾಸರ ಪದಗಳೂ ತತ್ವಪದಗಳೂ ಹುಟ್ಟಿದ್ದೇ ದನಿಯಾಗಿ. ಕುಮಾರವ್ಯಾಸನ ಭಾರತವನ್ನು ಜನ ಓದಿದ್ದಕ್ಕಿಂತ ಗಮಕಿಗಳಿಂದ ಕೇಳಿದ್ದೇ ಹೆಚ್ಚು. ಆದರೆ ನವೋದಯದ ಭಾವಗೀತೆಯ ಮಾತು ಬೇರೆ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ತೋರಿಸಿದ ದಾರಿಯಲ್ಲಿ ಬಂದ ಈ ಕವಿತೆ ಪುಸ್ತಕದಲ್ಲಿ ಅಚ್ಚಾಗಲೆಂದೇ ಬರೆದದ್ದು. ಹೆಸರಿಗೆ ಅದು ಗೀತೆಯಾದರೂ ಅದಕ್ಕೆ ಇಂಥದೇ ಧಾಟಿ ಎಂಬ ಕಟ್ಟಿರಲಿಲ್ಲ. ಕವಿ ತನಗೆ ತೋಚಿದಂತೆ ಹೇಳುತ್ತಿದ್ದ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆಯವರು ಕಾಲವನ್ನು ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ಓದಿ ಸಭೆಯನ್ನು ಸೆರೆಹಿಡಿದರೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಪ್ರಸಂಗ. ಅಲ್ಲಿ ಗೆದ್ದದ್ದು ಕವಿಯ ಸ್ವಂತ ಕಂಠ. ಕವಿತೆ ಇನ್ನೂ ಗಾಯಕನ ಕೈಸೇರಿರಲಿಲ್ಲ.

ಅದನ್ನು ಗಾಯಕನ ವೇದಿಕೆಗೆ ತಂದವರಲ್ಲಿ ಮೊದಲು ನೆನೆಯಬೇಕಾದವರು ಪಿ. ಕಾಳಿಂಗರಾಯರು. ಉಡುಪಿಯ ಕಡೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿ, ಬಾಲ್ಯದಲ್ಲೇ ನಾಟಕದ ಕಂಪನಿ ಸೇರಿದವರು ಅವರು. ಶಾಸ್ತ್ರೀಯ ಸಂಗೀತ ಬಲ್ಲವರಾಗಿದ್ದರೂ ಬೇಂದ್ರೆ, ಡಿ. ವಿ. ಜಿ., ರಾಜರತ್ನಂ, ನರಸಿಂಹಸ್ವಾಮಿ ಮೊದಲಾದವರ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಊರೂರಿಗೆ ಒಯ್ದರು. ಜೊತೆಗೆ ಮೋಹನಕುಮಾರಿ, ಸೋಹನಕುಮಾರಿ ಸೋದರಿಯರ ಕಂಠ. ಅವರ ಹಾಡಿಕೆಯಲ್ಲಿ ರಾಗದ ವಿಸ್ತಾರಕ್ಕಿಂತ ಮಾತಿನ ಸ್ಪಷ್ಟತೆಗೆ ಹೆಚ್ಚು ಬೆಲೆ. ಅಕ್ಷರ ಬಾರದ ಕೇಳುಗನಿಗೂ ಕವಿಯ ಒಂದೊಂದು ಶಬ್ದ ಮುಟ್ಟಬೇಕೆಂಬ ಹಟ. ‘ಸುಗಮ ಸಂಗೀತ’ವೆಂದು ನಾವು ಇಂದು ಕರೆಯುವುದರ ಮೂಲಧರ್ಮ ಇದೇ ಅಲ್ಲವೆ?

ಈ ಕೆಲಸಕ್ಕೆ ಬೆನ್ನೆಲುಬಾಗಿ ನಿಂತದ್ದು ರೇಡಿಯೋ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ತೆರೆದರು. ಅದಕ್ಕಿಟ್ಟ ಹೆಸರು ‘ಆಕಾಶವಾಣಿ’. 1950ರಲ್ಲಿ ಧಾರವಾಡಕ್ಕೂ, 1955ರಲ್ಲಿ ಬೆಂಗಳೂರಿಗೂ ಕೇಂದ್ರಗಳು ಬಂದವು. ಬಾನುಲಿಗೆ ದಿನವೂ ಹಾಡು ಬೇಕು, ಹಾಡಿಗೆ ಸಾಹಿತ್ಯ ಬೇಕು, ಸಾಹಿತ್ಯ ಕವಿಗಳಲ್ಲಿತ್ತು. ಹೀಗೆ ಅಗತ್ಯವೇ ಕವಿಯನ್ನೂ ಗಾಯಕನನ್ನೂ ಒಂದೇ ಜಗುಲಿಯಲ್ಲಿ ಕೂರಿಸಿತು. ಸಿನಿಮಾದವರೂ ಹಿಂದೆ ಬೀಳಲಿಲ್ಲ. 1963ರ ‘ಕುಲವಧು’ವಿನಲ್ಲಿಯೂ 1967ರ ‘ಬೆಳ್ಳಿಮೋಡ’ದಲ್ಲಿಯೂ ಬೇಂದ್ರೆಯವರ ಕವಿತೆಗಳು ಹಾಡಾಗಿ, ಅವರ ಪುಸ್ತಕವನ್ನು ಮುಟ್ಟಿಯೂ ನೋಡದಿದ್ದ ಮನೆಗಳ ಅಡಿಗೆಮನೆಯನ್ನು ಹೊಕ್ಕವು.

ಆದರೂ ಒಂದು ಕೊರತೆಯಿತ್ತು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷಗಳ ಹಾಡು. ಕವಿತೆ ಎಂಟು ನುಡಿಗಳದಾದರೆ ಐದನ್ನು ಕತ್ತರಿಸಬೇಕು. ತಟ್ಟೆಯ ಯಂತ್ರ ಉಳ್ಳವರ ಮನೆಯ ಸೊತ್ತು. ರೇಡಿಯೋ ಹಾಡುವುದು ಅದಕ್ಕೆ ಇಷ್ಟ ಬಂದಾಗ, ನಮಗೆ ಬೇಕೆನಿಸಿದಾಗಲ್ಲ. ಈ ಎರಡು ಕಟ್ಟುಗಳನ್ನೂ ಬಿಚ್ಚಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಿ. ನಮ್ಮ ನಾಡಿನಲ್ಲಿ ಅದು ಮನೆಮಾತಾದದ್ದು ಮುಂದೆ ಹದಿನೈದು ಇಪ್ಪತ್ತು ವರ್ಷಗಳಿಗೆ. ಮಗ್ಗುಲಿಗೆ ಅರ್ಧ ಗಂಟೆ, ಎರಡು ಮಗ್ಗುಲಿಗೆ ಒಂದು ಗಂಟೆ. ಒಬ್ಬ ಕವಿಯ ಎಂಟು ಹತ್ತು ಕವಿತೆಗಳು ಅದರಲ್ಲಿ ಹಿಡಿಸುತ್ತವೆ. ಅಂದರೆ ಒಂದು ಕ್ಯಾಸೆಟ್ಟೆಂದರೆ ಒಂದು ಪುಟ್ಟ ಕವನಸಂಕಲನವೇ ಆಯಿತು!

1978ರಲ್ಲಿ ಬಂದ ‘ನಿತ್ಯೋತ್ಸವ’ ಇಂಥದೊಂದು ಸಂಕಲನ. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಧಾಟಿ ಕಟ್ಟಿದ್ದರು. ಅದು ಪಡೆದ ಜನಪ್ರಿಯತೆಯನ್ನು ಕಂಡು ಕವಿತೆಗೂ ಅಂಗಡಿಯಲ್ಲಿ ಗಿರಾಕಿಗಳುಂಟೆಂದು ಕಂಪನಿಗಳಿಗೆ ಮನವರಿಕೆಯಾಯಿತು. ಆಮೇಲೆ ಸಾಲುಸಾಲಾಗಿ ಬಂದವು: ಕುವೆಂಪು, ಬೇಂದ್ರೆ, ಜಿ. ಎಸ್. ಶಿವರುದ್ರಪ್ಪ, ಲಕ್ಷ್ಮೀನಾರಾಯಣ ಭಟ್ಟ, ಎಚ್. ಎಸ್. ವೆಂಕಟೇಶಮೂರ್ತಿ. 1942ರಲ್ಲಿ ಪುಸ್ತಕವಾಗಿ ಬಂದಿದ್ದ ‘ಮೈಸೂರ ಮಲ್ಲಿಗೆ’ 1992ರಲ್ಲಿ ಚಲನಚಿತ್ರವೂ ಆಗಿ, ಐವತ್ತು ವರ್ಷದ ಹಿಂದಿನ ಪದ್ಯಗಳಿಗಾಗಿ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಅನಂತಸ್ವಾಮಿಯವರದು ಕವಿತೆಯ ಕೈಹಿಡಿದು ನಡೆಸುವ ಮೃದು ರೀತಿ. ಚಿತ್ರಕ್ಕೆ ಸಂಗೀತ ಕೊಟ್ಟ ಸಿ. ಅಶ್ವಥ್‌ರದು ಕವಿತೆಯನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುವ ರೀತಿ. ಕಾರ್ಖಾನೆಯ ನೌಕರಿ ಮಾಡಿಕೊಂಡೇ ಹಾಡು ಕಟ್ಟಿದ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನ ಕಿಕ್ಕಿರಿದು ತುಂಬಿತ್ತು. ಕವಿತೆಯ ಹೆಸರಿನಲ್ಲಿ ಅಷ್ಟು ಜನ ಸೇರಿದ್ದು ಸಾಮಾನ್ಯ ಸಂಗತಿಯಲ್ಲ.

ಕ್ಯಾಸೆಟ್ಟಿಗೆ ಬಾರದ ಹಾಡುಗಳೂ ವಿದ್ಯಾರ್ಥಿನಿಲಯಗಳಲ್ಲಿ ಇದ್ದವೆಂಬುದನ್ನು ಮರೆಯಬಾರದು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾದ ಮೇಲೆ ಅದರ ಪದ್ಯಗಳು ತಮಟೆಯ ಬಡಿತಕ್ಕೆ ಮೆರವಣಿಗೆಗಳಲ್ಲಿ ನಡೆದುಬಂದವು. ನಮ್ಮ ಕಾಲಕ್ಕೂ ಕೆಳಗಿನ ಅಂಗಳದಲ್ಲಿ ರಾತ್ರಿ ಹೊತ್ತು ಹಿರಿಯ ವಿದ್ಯಾರ್ಥಿಗಳು ಅವನ್ನು ಹಾಡುತ್ತಿದ್ದರು. ಅವರಿಗೆ ಹಾಡಿಕೊಟ್ಟವರು ಅವರ ಹಿರಿಯರು. ಧಾಟಿ ಯಾರದೆಂದು ಕೇಳಿದವರಿಲ್ಲ. ಮಹಡಿಯಲ್ಲಿ ಮಲ್ಲಿಗೆ, ಅಂಗಳದಲ್ಲಿ ಬೆಂಕಿ. ಎರಡನ್ನೂ ಕೇಳಿಕೊಂಡೇ ನಾವು ಬೆಳೆದೆವು.

ಇನ್ನು ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಹೇಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ನಮ್ಮ ಕೋಣೆಯ ಮೂರನೆಯವನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹುಡುಗ. ಸಂತ ಶಿಶುನಾಳ ಶರೀಫರು ಹುಟ್ಟಿ ಬಾಳಿದ ಸೀಮೆ ಅದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಮುಸಲ್ಮಾನ ಸಂತ ಕಳಸದ ಗೋವಿಂದಭಟ್ಟರ ಶಿಷ್ಯನಾಗಿ ಕಟ್ಟಿದ ಪದಗಳು ನೂರು ವರ್ಷ ಆ ಸೀಮೆಯ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದುಬಂದವು. ಹಳೆಯ ಮೈಸೂರಿನ ನಮ್ಮಂಥವರಿಗೆ ಅವುಗಳ ಪರಿಚಯ ಮಾಡಿಕೊಟ್ಟದ್ದು ಲಕ್ಷ್ಮೀನಾರಾಯಣ ಭಟ್ಟರ ಸಂಪಾದನೆ, ಅಶ್ವಥ್‌ರ ಧಾಟಿ, ಶಿವಮೊಗ್ಗ ಸುಬ್ಬಣ್ಣನವರ ಕಂಠ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಆ ಪರಿಚಯವನ್ನು ಪೂರ್ತಿಗೊಳಿಸಿತು.

ಒಂದು ರಾತ್ರಿ ಕರೆಂಟು ಹೋಗಿ ಟೇಪ್‌ರೆಕಾರ್ಡರು ಮಧ್ಯದಲ್ಲಿ ನಿಂತಿತು. ಹಾಡುತ್ತಿದ್ದುದು ಶರೀಫರ ಪದ. ಕತ್ತಲಲ್ಲಿ ನಮ್ಮ ಗೆಳೆಯ ಅದನ್ನು ಮುಂದುವರಿಸಿದ. ಆದರೆ ಧಾಟಿ ಬೇರೆ. ನಿಧಾನವಾದದ್ದು, ಒಂದೊಂದು ನುಡಿಯ ಕೊನೆಗೂ ತಾಳದ ಸದ್ದಿಗೆ ಜಾಗ ಬಿಟ್ಟು ನಿಲ್ಲುವಂಥದು.

“ಏ, ತಪ್ಪು ಹಾಡ್ತಿದೀಯಲ್ಲೋ!” ಎಂದೆ ನಾನು.

“ತಪ್ಪಲ್ಲೋ ಮಾರಾಯ, ನಮ್ಮಜ್ಜ ಹಾಡೂದು ಹಿಂಗ” ಎಂದ.

“ಹಾಗಾದರೆ ನಿಮ್ಮಜ್ಜನೂ ಕ್ಯಾಸೆಟ್ಟು ಕೇಳಿ ಕಲಿಯಬೇಕಾಗಿತ್ತು” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನೂ ನಕ್ಕನೆಂದೇ ತಿಳಿದೆ. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ.

ಆ ವರ್ಷದ ಗಾಯನಸ್ಪರ್ಧೆಗೆ ಅವನನ್ನು ಬಲವಂತವಾಗಿ ನಿಲ್ಲಿಸಿದವರು ನಾವೇ. ಕ್ಯಾಸೆಟ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಎಳೆತ ತಿರುವುಗಳನ್ನು ತಿದ್ದಿ, ವಾರಗಟ್ಟಲೆ ತಯಾರು ಮಾಡಿದೆವು. ಥೇಟು ಕ್ಯಾಸೆಟ್ಟಿನಂತೆಯೇ ಹಾಡಿದ. ಬಹುಮಾನ ಬಂತು: ಒಂದು ಸ್ಟೀಲಿನ ತಟ್ಟೆ. ಅದರಲ್ಲಿ ಕಡಲೆಪುರಿ ಹಾಕಿಕೊಂಡು ತಿಂದೆವು. ಅವನ ಅಜ್ಜನ ಧಾಟಿಯನ್ನು ಮತ್ತೆ ಯಾರೂ ಕೇಳಲಿಲ್ಲ, ಅವನೂ ಹಾಡಲಿಲ್ಲ.

ತರಗತಿಯ ಆ ಪ್ರಸಂಗ ನಡೆದ ರಾತ್ರಿ ಅವನಿಗೆ ಫೋನ್ ಮಾಡಿದೆ. ಈಗ ಅವನು ತನ್ನ ಊರಿಗೆ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಮೇಷ್ಟರು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, “ಆವತ್ತು ಕತ್ತಲಲ್ಲಿ ಹಾಡಿದೆಯಲ್ಲ, ನಿಮ್ಮಜ್ಜನ ಧಾಟಿ, ಅದನ್ನೊಮ್ಮೆ ಹಾಡೋ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಶುರುಮಾಡಿದ. ಪಲ್ಲವಿಯ ಅರ್ಧ ಬಂತು. ಅದೇ ನಿಧಾನ, ಅದೇ ನಿಲುಗಡೆ. ಅಲ್ಲಿಂದ ಮುಂದಕ್ಕೆ ದನಿ ತಾನಾಗಿ ಜಾರಿ ಕ್ಯಾಸೆಟ್ಟಿನ ಧಾಟಿಗೆ ಬಿತ್ತು. ಮತ್ತೆ ಮೊದಲಿಂದ ಹಿಡಿದ. ಮತ್ತೆ ಅಲ್ಲೇ ಜಾರಿದ.

“ಮರತೇ ಬಿಟ್ಟೀನೋ ದೋಸ್ತ” ಎಂದ. “ಅಜ್ಜ ಹೋಗಿ ಹದಿನೆಂಟು ವರ್ಷ ಆತು. ನಮ್ಮೂರ ಭಜನಿಯವರೂ ಈಗ ಕ್ಯಾಸೆಟ್ಟಿನಂಗs ಹಾಡತಾರ.”

ಇದಕ್ಕೆ ಯಾರನ್ನು ದೂರೋಣ? ಅಶ್ವಥ್‌ರನ್ನು ದೂರಿದರೆ ಕೃತಘ್ನತೆಯಾದೀತು. ಅವರ ದನಿಯಿಲ್ಲದೆ ಶರೀಫರ ಹೆಸರೇ ನನ್ನಂಥವನ ಕಿವಿಗೆ ಬೀಳುತ್ತಿರಲಿಲ್ಲ. ಕ್ಯಾಸೆಟ್ಟನ್ನು ದೂರಿದರೆ ನನ್ನ ವಿದ್ಯಾರ್ಥಿ ಜೀವನದ ಅರ್ಧ ಸಂತೋಷವನ್ನೇ ದೂರಿದಂತೆ. ಧಾಟಿ ಕಟ್ಟಿದವರು ಇದೊಂದೇ ಸರಿಯೆಂದು ಎಲ್ಲೂ ಹೇಳಲಿಲ್ಲ. ಹಾಗೆ ಹೇಳಿದವರು ಕೇಳಿದ ನಾವು. ಸಾವಿರ ಸಲ ಕೇಳಿಸಬಲ್ಲ ಯಂತ್ರ ಒಂದು ಕಡೆ, ಹಬ್ಬಕ್ಕೊಮ್ಮೆ ಹಾಡುವ ಮುದುಕ ಇನ್ನೊಂದು ಕಡೆ. ಯಾವುದು ಉಳಿಯುತ್ತದೆಂಬುದಕ್ಕೆ ಜ್ಯೋತಿಷ ಬೇಡ.

ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೇ ಇರಬೇಕು, ಎರಡೂವರೆ ನಿಮಿಷದಲ್ಲಿ ಮುಗಿಯಬೇಕು ಎಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಸಾವಿರಾರು ಜನ ಒಟ್ಟಿಗೆ ಎದ್ದುನಿಂತು ಹಾಡುವ ಗೀತೆಗೆ ಅಂಥ ಕಟ್ಟು ಬೇಕಾದೀತು. ಆದರೆ ಅಜ್ಜನ ಪದಕ್ಕೆ ಅಂಥ ಆಜ್ಞೆ ಹೊರಡಿಸಿದವನು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ; ಕರೆಂಟು ಹೋದ ಕೋಣೆಯಲ್ಲಿ, ನಗಿಸಬೇಕೆಂಬ ಚಪಲಕ್ಕೆ.

ಕ್ಯಾಸೆಟ್ಟಿನ ಕಾಲವೂ ಮುಗಿದುಹೋಯಿತು. ಅನಂತಸ್ವಾಮಿಯವರು 1995ರಲ್ಲಿ, ಅಶ್ವಥ್‌ರು 2009ರಲ್ಲಿ, ಸುಬ್ಬಣ್ಣನವರು 2022ರಲ್ಲಿ ತೀರಿಕೊಂಡರು. ಅವರ ದನಿ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ಅದೇ ಜೇಬಿನಲ್ಲಿ ದನಿ ಮುದ್ರಿಸುವ ಯಂತ್ರವೂ ಇದೆಯೆಂಬುದು ನಮಗೆ ಹೊಳೆಯುವುದು ಕಡಿಮೆ. ಈ ಸಲ ದಸರಾ ರಜಕ್ಕೆ ಊರಿಗೆ ಹೊರಟ ನನ್ನ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯಲು ಹೇಳಲಿಲ್ಲ. ಎಲ್ಲೂ ಮುದ್ರಣವಾಗದ ಒಂದು ಹಾಡನ್ನು ಮನೆಯ ಹಿರಿಯರಿಂದ ಕೇಳಿ ಮುದ್ರಿಸಿಕೊಂಡು ಬನ್ನಿ, ಅವರು ಹೇಗೆ ಹಾಡಿದರೂ ತಿದ್ದಬೇಡಿ ಎಂದಷ್ಟೇ ಹೇಳಿ ಕಳಿಸಿದ್ದೇನೆ.

ಗೆಳೆಯನಿಗೂ ಅದನ್ನೇ ಹೇಳಿದೆ. ಪಕ್ಕದ ಊರಿನಲ್ಲಿ ಅಜ್ಜನ ಜೊತೆ ತಾಳ ಹಾಕುತ್ತಿದ್ದ ಮುದುಕರೊಬ್ಬರು ಇನ್ನೂ ಇದ್ದಾರಂತೆ, ಎಂಬತ್ತು ದಾಟಿದೆಯಂತೆ. ಮುಂದಿನ ಭಾನುವಾರ ಹೋಗಿ ಕೇಳುತ್ತೇನೆ ಎಂದಿದ್ದಾನೆ. ಅವರಿಗೆ ನೆನಪಿರಲಿ.